ನಳಪಾಕದ ರಸರಹಸ್ಯ

ನಾಗಪುರಕ್ಕೆ ಬಂದು ನೆಲೆಸಿದ ಕನ್ನಡಿಗರಿಗೆ ಇದು ಕಿತ್ತಳೆಯ ಊರೆಂದು ಪರಿಚಿತ. ಪುರಾಣಪ್ರಿಯರಿಗಾದರೋ ಈ ವಿದರ್ಭವು ದಮಯಂತಿಯ ತವರುನಾಡು. ಆಕೆಯ ತಂದೆ ಭೀಮರಾಜನ ರಾಜಧಾನಿಯಾದ ಕುಂಡಿನಪುರವು ಅಮರಾವತಿ ಜಿಲ್ಲೆಯ ವರ್ಧಾ ನದೀತೀರದ ಕೌಂಡಿಣ್ಯಪುರವೇ ಎಂಬುದು ಪರಂಪರೆಯ ನಂಬಿಕೆ. ಕನ್ನಡಿಗರ ಮನೆಮಾತಾದ 'ನಳಪಾಕ'ದ ಮಹಿಮೆ ಪ್ರಕಟವಾದದ್ದು ಈ ನೆಲದಲ್ಲಿಯೇ.

ಕಥೆ ಮಹಾಭಾರತದ ವನಪರ್ವದ್ದು. ಕನಕದಾಸರು 'ನಳಚರಿತ್ರೆ'ಯಲ್ಲಿ ಕನ್ನಡಿಗರಿಗೆ ಆಪ್ತವಾಗಿಸಿದ್ದು. ಜೂಜಿನಲ್ಲಿ ರಾಜ್ಯವನ್ನು ಸೋತು, ಕಾಡಿನಲ್ಲಿ ಮಡದಿಯನ್ನು ತೊರೆದು, ಕಾರ್ಕೋಟಕನ ವಿಷದಿಂದ ರೂಪಗೆಟ್ಟ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಸೇವೆಗೆ ನಿಂತನು. ಆ ಅರಸನ ಸಾರಥಿಯಾಗಿ ಅವನು ಕುಂಡಿನಪುರಕ್ಕೆ ಬಂದಾಗ ದಮಯಂತಿಗೆ ಸಂದೇಹ ಹುಟ್ಟಿತು. ಆದರೆ ಆ ವಿಕಾರದೇಹದಲ್ಲಿ ನಳನ ಚಹರೆ ಎಲ್ಲಿಯೂ ಇರಲಿಲ್ಲ. ಆಕೆ ಸಖಿ ಕೇಶಿನಿಯನ್ನು ಕಳುಹಿಸಿ, ಬಾಹುಕನು ಬೇಯಿಸಿದ ಮಾಂಸದ ತುಣುಕೊಂದನ್ನು ತರಿಸಿ ಬಾಯಿಗಿಟ್ಟಳು. ಹಿಂದೆ ಎಷ್ಟೋ ಬಾರಿ ಉಂಡ ರುಚಿ! ಸಂಶಯ ಕರಗಿತು, ದುಃಖ ಉಕ್ಕಿತು. ಕಣ್ಣಿಗೆ ಕಾಣದ ನಳನು ರುಚಿಗೆ ಸಿಕ್ಕಿದನು.

ರಾಜ್ಯ, ರೂಪ, ಹೆಸರು ಎಲ್ಲವೂ ಹೋದ ಮೇಲೂ ಕೈಯಲ್ಲಿ ಮಾಗಿದ ವಿದ್ಯೆ ಉಳಿದಿತ್ತು. ಕಲೆಯ ಲಕ್ಷಣವೂ ಇದೇ ಅಲ್ಲವೆ? ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವನ್ನು ವಿವರಿಸಲು ಮೊದಲು ಹೊಕ್ಕದ್ದು ಅಡುಗೆಯ ಮನೆಯನ್ನು. ಬಗೆಬಗೆಯ ವ್ಯಂಜನ, ಔಷಧಿ, ದ್ರವ್ಯಗಳು ಕೂಡಿ ರುಚಿ ಹುಟ್ಟುವಂತೆ ಭಾವಗಳು ಕೂಡಿ ರಸವಾಗುತ್ತವೆ. ಸುಮನಸ್ಕನು ಊಟವನ್ನು ಸವಿಯುವಂತೆ ಪ್ರೇಕ್ಷಕನು ನಾಟ್ಯವನ್ನು ಸವಿಯುತ್ತಾನೆ ಎಂಬುದು ಆತನ ಅಭಿಪ್ರಾಯ. ಕಾವ್ಯದ ಶೈಲಿಗೆ ದ್ರಾಕ್ಷಾಪಾಕ, ನಾರಿಕೇಳಪಾಕ ಎಂದು ಹೆಸರಿಟ್ಟವರೂ ಇದನ್ನೇ ಕಂಡವರು. 16ನೆಯ ಶತಮಾನದ ಆದಿಭಾಗದಲ್ಲಿ 'ನೇಮಿಜಿನೇಶ ಸಂಗತಿ'ಯಂತಹ ಕಾವ್ಯವನ್ನು ರಚಿಸಿದ ಮೂರನೆಯ ಮಂಗರಸನೇ ಕನ್ನಡ ಪದ್ಯದಲ್ಲಿ 'ಸೂಪಶಾಸ್ತ್ರ'ವನ್ನೂ ಬರೆದನು. ಅಡುಗೆಯ ವಿಚಾರವು ಕವಿಯ ಘನತೆಗೆ ಕುಂದೆಂದು ಆತನಿಗೆ ತೋರಲಿಲ್ಲ.

ಕಲೆ ಉಳಿಯುತ್ತದೆ, ಅಡುಗೆ ಉಂಡೊಡನೆ ಮುಗಿಯುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ಹಾಡಿದ ರಾಗವೂ ಹಾಡಿದೊಡನೆ ಗಾಳಿಯಲ್ಲಿ ಲೀನವಾಗುತ್ತದೆ. ಎರಡೂ ಉಳಿಯುವುದು ಸವಿದವರ ನೆನಪಿನಲ್ಲಿ. ಎರಡಕ್ಕೂ ಸಮರ್ಪಣೆಯೇ ಜೀವ. ನೈವೇದ್ಯವನ್ನು ಸಿದ್ಧಪಡಿಸುವವರು ದೇವರಿಗೆ ಅರ್ಪಿಸುವ ಮೊದಲು ರುಚಿ ನೋಡುವುದಿಲ್ಲ; ಕೈಯ ಹದವನ್ನೂ ಮನಸ್ಸಿನ ಶುದ್ಧಿಯನ್ನೂ ನಂಬಿ ಉಪ್ಪು ಹಾಕುತ್ತಾರೆ. ತನಗಾಗಿ ಮಾತ್ರ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆಂದು ಗೀತೆಯ ಮೂರನೆಯ ಅಧ್ಯಾಯ ಎಚ್ಚರಿಸುತ್ತದೆ. ತನ್ನ ಮೆರೆತಕ್ಕಾಗಿ ಮಾತ್ರ ಹಾಡುವವನಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಆದರೂ ಲೋಕದ ರೂಢಿ ಬೇರೆ. ನವರಾತ್ರಿಯ ಸಂಜೆ ಸಭಾಂಗಣದಲ್ಲಿ ಮಗಳು ನರ್ತಿಸಿದರೆ ಅದು ಕಲೆ. ಅದೇ ಹೊತ್ತಿನಲ್ಲಿ ಹಿಂದಿನ ಕೋಣೆಯ ಹೊಗೆಯಲ್ಲಿ ನಿಂತು ನೂರು ಎಲೆಗೆ ಸಾರು ಕುದಿಸುವ ತಾಯಿಯದು ಬರಿಯ ಕೆಲಸ! ಮಗಳ ನೃತ್ಯವನ್ನು ನೋಡುವ ಭಾಗ್ಯವೂ ಆಕೆಗಿಲ್ಲ. ಹಾಡಿದವರಿಗೆ ಶಾಲು, ಹಾರ. ಅಟ್ಟವರಿಗೆ ತಣ್ಣಗಾದ ಕೊನೆಯ ಪಂಕ್ತಿ. ನಳನ ಪಾಕಕ್ಕೆ ಸಾರ್ಥಕತೆ ಬಂದದ್ದು ದಮಯಂತಿಯ ನಾಲಗೆಯಿಂದ. ಅಡುಗೆಯ ಹಿಂದಿರುವ ಜೀವವನ್ನು ಗುರುತಿಸಲಾರದ ಊಟ ಹೊಟ್ಟೆಯನ್ನು ತುಂಬೀತು, ರಸವನ್ನು ಕೊಡಲಾರದು. ಉಂಡವನು ಒಳಕೋಣೆಗೆ ಹೋಗಿ ಆಡುವ ಒಂದು ಒಳ್ಳೆಯ ಮಾತು, ಬಡಿಸಲು ನೀಡುವ ಒಂದು ಕೈ, ಇವೂ ದೇವೀಪೂಜೆಯೇ.

ಪರನಾಡಿನ ಬಾಳಿನಲ್ಲಿ ಉಡುಗೆ ಬದಲಾಗುತ್ತದೆ, ಮಕ್ಕಳ ಮಾತಿನಲ್ಲಿ ಮರಾಠಿ, ಹಿಂದಿ ಬೆರೆಯುತ್ತವೆ. ಬಾಹುಕನಂತೆ ಹೊರರೂಪ ಬೇರೆಯಾದರೂ ಕೈಯ ವಿದ್ಯೆ ಉಳಿದರೆ ಗುರುತು ಅಳಿಯದು. ಆ ವಿದ್ಯೆ ಒಲೆಯ ಬಳಿ, ಶ್ರುತಿಯ ಬಳಿ ಹಿರಿಯರೊಡನೆ ನಿಂತವರಿಗಲ್ಲದೆ ಒಲಿಯುವುದಿಲ್ಲ; ಗಂಡುಮಕ್ಕಳಿಗೂ ಅದು ಸಲ್ಲತಕ್ಕದ್ದು. ನಳಮಹಾರಾಜನು ಗಂಡಸೇ ಅಲ್ಲವೆ?

ಮಹಾನವಮಿಯ ಆಯುಧಪೂಜೆಯಲ್ಲಿ ವೀಣೆಗೆ ಇಟ್ಟ ಕುಂಕುಮವನ್ನೇ ಈಳಿಗೆಮಣೆಗೂ ಇಡುವ ಮನೆಗಳುಂಟು. ಅಲ್ಲಿ ಸರಸ್ವತಿಯೂ ಅನ್ನಪೂರ್ಣೆಯೂ ಒಬ್ಬಳೇ. ಆ ತಾಯಿಯು ಮಾಡುವ ಕೈಗೆ ಹದವನ್ನೂ ಸವಿಯುವ ಮನಕ್ಕೆ ಕೃತಜ್ಞತೆಯನ್ನೂ ಅನುಗ್ರಹಿಸಲಿ.