ವಿದ್ಯೆಗೆ ಶತ್ರುವುಂಟೆ?

ಶತ್ರುದೇಶದಲ್ಲಿ ಸಿಲುಕಿದವನು ಅಲ್ಲಿನವರಿಗೆ ತನ್ನ ವಿದ್ಯೆಯನ್ನು ಕಲಿಸಿದರೆ ಅದು ದ್ರೋಹವೆ?

ಇಂಗ್ಲೆಂಡಿನ ಕಾಲ್ಚೆಂಡಾಟಗಾರನಾಗಿದ್ದು ಶಿಕ್ಷಕನಾದ ಜಿಮ್ಮಿ ಹೋಗನನು 1914ರಲ್ಲಿ ಮಹಾಯುದ್ಧವು ತೊಡಗಿದಾಗ ವಿಯೆನ್ನಾದಲ್ಲಿದ್ದನು, ಶತ್ರುಪ್ರಜೆಯೆಂದು ಸೆರೆಸಿಕ್ಕಿದನು. ಮುಂದೆ ಬುಡಾಪೆಸ್ಟಿನಲ್ಲಿ ಎಂ.ಟಿ.ಕೆ. ಸಂಘದ ತರುಣರಿಗೆ, ಚೆಂಡನ್ನು ಸ್ವಾಧೀನದಲ್ಲಿಟ್ಟು ಒಬ್ಬರಿಂದೊಬ್ಬರಿಗೆ ಸಾಗಿಸುವ ಜಾಣ್ಮೆಯನ್ನು ಕಲಿಸಿದನು. ಯುದ್ಧಾನಂತರ ಸ್ವದೇಶಕ್ಕೆ ಮರಳಿದವನಿಗೆ ದೊರೆತುದು ಆದರವಲ್ಲ, ಶಂಕೆ.

ಮಕ್ಕಳನ್ನು ರಣಕ್ಕೊಪ್ಪಿಸಿದವರ ನೋವನ್ನು ಹಳಿಯಲಾಗದು. ಆದರೂ ಅವನು ಪರರಿಗೆ ಕೊಟ್ಟುದು ಆಯುಧವಲ್ಲ, ಆಟ.

1953ರಲ್ಲಿ ಹಂಗೆರಿಯವರು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3 ಗೋಲುಗಳಿಂದ ಸೋಲಿಸಿದರು; ತಮಗೆ ಆಟವನ್ನು ಕಲಿಸಿದವನು ಹೋಗನನೆಂದು ಅವರ ಪ್ರಮುಖರು ಸಾರಿದರು. ಶಿಷ್ಯನಿಂದ ಸೋಲನ್ನು ಬಯಸಬೇಕೆಂಬುದು ನಮ್ಮ ಹಿರಿಯರ ಮಾತು. ಅಂದು ಸೋತುದು ಗುರುವಲ್ಲ. ಗುರುವನ್ನು ಶಂಕಿಸಿದ ನಾಡು.