ಬಾಣಂತನಕ್ಕಾದರೆ ಕಳಿಸುತ್ತೇವೆ

ನಮ್ಮ ಮಮದಾಪುರದ ಕಡೆ ಹೆತ್ತ ಮಗಳು ತಿಂಗಳುಗಟ್ಟಲೆ ತವರಿನಲ್ಲಿ ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ. ಮೈ ಹಣ್ಣಾಗಿದೆ, ಆರೈಕೆ ಬೇಕು. ಅದೇ ಹೆಣ್ಣು ಊಟ ನಿದ್ದೆ ಬಿಟ್ಟು, ಕೂಸು ಅತ್ತರೂ ಗೋಡೆ ನೋಡುತ್ತ ಕೂತರೆ? "ಸೊಕ್ಕು" ಎನ್ನುತ್ತೇವೆ. ಖಿನ್ನತೆ ಎಂಬ ಮಾತು ಬಾಯಿಗೆ ಬರುವುದಿಲ್ಲ.

ಧಾರವಾಡದಲ್ಲಿ 1845ರಿಂದ ಮಾನಸಿಕ ಆಸ್ಪತ್ರೆಯಿದೆ. ನಮ್ಮ ಪಾಲಿಗೆ ಮಾತ್ರ "ಧಾರವಾಡಕ್ಕ ಕಳಸಬೇಕು" ಎಂಬುದು ಬೈಗುಳವಾಗಿಯೇ ಉಳಿಯಿತು.

ಖಿನ್ನತೆಯಿದ್ದವರೆಲ್ಲ ಆಸ್ಪತ್ರೆಯಲ್ಲಿ ಇರಬೇಕಾಗಿಲ್ಲ. ಬಹಳ ಮಂದಿಗೆ ಮಾತ್ರೆ, ಆಪ್ತಸಲಹೆ, ಮನೆಯವರ ತಾಳ್ಮೆ ಸಾಕು. ಸಾಯುವ ಮಾತಾಡುವವಳನ್ನು, ಅನ್ನನೀರು ಬಿಟ್ಟವಳನ್ನು ಕೆಲವು ವಾರ ಅಲ್ಲಿಟ್ಟು ನೋಡಿಕೊಳ್ಳಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಂತೂ ತಾಯಿ-ಕೂಸು ಇಬ್ಬರನ್ನೂ ಒಟ್ಟಿಗೇ ಇರಿಸಿಕೊಳ್ಳುವ ವಾರ್ಡಿದೆ. 2017ರ ಕಾಯ್ದೆಯಂತೆ ಆಕೆ ತಾನೇ ಒಪ್ಪಿ ಸೇರಬಹುದು, ಬಿಡುಗಡೆಯನ್ನೂ ತಾನೇ ಕೇಳಬಹುದು. ಆಕೆಯನ್ನು ಕೇಳುವುದೇ ನಮಗೆ ಹೊಳೆಯುವುದಿಲ್ಲ, ಆ ಮಾತು ಬೇರೆ.

ಸೊಸೆಯ ಚಿಂತೆಯಲ್ಲಿದ್ದ ಪಕ್ಕದ ಮನೆಯ ಅಜ್ಜಿ ಕೇಳಿದರು: "ದೂರ ಕಳಸೂದಂದ್ರ ಕೈ ಬಿಟ್ಟಂಗ ಅಲ್ಲೇನವ್ವಾ?"

ಕಳಿಸಿ ಮರೆತರೆ ಹೌದು, ವಾರಕ್ಕೊಮ್ಮೆ ಯಾರಾದರೂ ಹೋಗಿ ಬರಬೇಕು ಎಂದೆ.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. "ರೊಟ್ಟಿ ನಾ ಬಡದ ಕೊಡ್ತೀನಿ. ಮಗ ಒಯ್ಯತಾನೇನು, ಕೇಳಬೇಕು."