ಬಿಸಿಯಿಂದ ಕಾರಣದ ಕಡೆಗೆ

ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು ನ್ಯಾಯದರ್ಶನದ ಶೇಷವತ್ ಅನುಮಾನ. ಭಾಷ್ಯಕಾರ ವಾತ್ಸ್ಯಾಯನ ಇದಕ್ಕೆ ಇನ್ನೊಂದು ವಿವರಣೆಯನ್ನೂ ಕೊಡುತ್ತಾನೆ: ಇರಬಹುದಾದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಉಳಿದದ್ದನ್ನು ಹಿಡಿಯುವುದು. ದ್ರವದಿಂದ ತಣಿಸುವ ಮನೆಯ ಕಂಪ್ಯೂಟರಿನ ಪ್ರೊಸೆಸರ್ ವಿಪರೀತ ಕಾದಾಗ ಈ ಎರಡನೆಯದೇ ಕೆಲಸಕ್ಕೆ ಬರುತ್ತದೆ. ಬಿಸಿ ಒಂದೇ, ಕಾರಣ ಹಲವು. ರೇಡಿಯೇಟರೂ ಕಾದಿದ್ದರೆ ಶಾಖ ಅಲ್ಲಿಯವರೆಗೆ ತಲುಪಿದೆಯೆಂದಾಯಿತು. ಫ್ಯಾನನ್ನೋ ದೂಳನ್ನೋ ಶಂಕಿಸಬೇಕು. ರೇಡಿಯೇಟರು ತಣ್ಣಗಿದ್ದರೆ ಪಂಪು ನಿಂತಿರಬಹುದು, ಗಾಳಿ ಸಿಕ್ಕಿಕೊಂಡಿರಬಹುದು, ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿರಬಹುದು. ಬಯಾಸ್‌ನಲ್ಲಿ ಪಂಪಿನ ವೇಗ ಸರಿಯಾಗಿ ಕಂಡ ಮಾತ್ರಕ್ಕೆ ದ್ರವ ಹರಿಯುತ್ತಿದೆ ಎನ್ನಲಾಗದು; ದಾರಿ ಕಟ್ಟಿಕೊಂಡಿದ್ದರೂ ಮೋಟರು ತಿರುಗಬಲ್ಲದು. ಊಹಿಸಬೇಕಾದದ್ದು ಇದ್ದಲ್ಲೂ ಇಲ್ಲದಲ್ಲೂ ಕಾಣುವ ಇಂಥ ಹೇತುವನ್ನು, ಅಂದರೆ ಊಹೆಯ ಆಧಾರವನ್ನು, ನೈಯಾಯಿಕರು ಸವ್ಯಭಿಚಾರವೆಂದು ಹೇತ್ವಾಭಾಸಗಳಿಗೆ, ಅಂದರೆ ಹುಸಿ ಹೇತುಗಳಿಗೆ, ಸೇರಿಸಿದ್ದಾರೆ. ದೋಷವನ್ನು ಊಹಿಸಲು ಬಿಸಿಯೂ ಅಂಥದೇ ಹೇತು: ಎಎಮ್‌ಡಿಯ ರೈಜನ್ 7000 ಸಾಲಿನ ಹಲವು ಪ್ರೊಸೆಸರುಗಳು ಪೂರ್ಣ ಹೊರೆಯಲ್ಲಿ 95 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆಯೇ ತಯಾರಾಗಿವೆ.